ಮುಖ ಮಾಯುವ ತನಕ

ಮುಖಕ್ಕೂ ಪಾಠ ಹೇಳಿಕೊಡಬಹುದು ಎಂಬ ಸಂಗತಿ ನನಗೆ ತಿಳಿದದ್ದು ಐವತ್ತೇಳನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಮುಖವೆಂದರೆ ಬೆಳಿಗ್ಗೆ ತೊಳೆದು, ವಿಭೂತಿ ಹಚ್ಚಿ, ಆಮೇಲೆ ದಿನವಿಡೀ ಮರೆತುಬಿಡುವಂಥದ್ದು ಎಂದುಕೊಂಡಿದ್ದೆ. ಮದುವೆ, ಮಕ್ಕಳ ಗೊಡವೆಗೆ ಹೋಗದ ನನಗೆ ಅದನ್ನು ತೋರಿಸಬೇಕಾದ ಜನವೂ ಹೆಚ್ಚಿರಲಿಲ್ಲ. ಅಣ್ಣಿಗೇರಿಯಲ್ಲಿ ಅಕ್ಕ ಮಹಾನಂದಾ, ಅವಳ ಮಗಳು ಸೃಷ್ಟಿ. ಇಷ್ಟೇ ನನ್ನ ಸಂಸಾರ.

ಹುಬ್ಬಳ್ಳಿಯ ದೊಡ್ಡ ಸೀರೆ ಅಂಗಡಿಯೊಂದರಲ್ಲಿ ರೇಷ್ಮೆಯ ಕೌಂಟರು ನನ್ನದು. ಮನೆಯಲ್ಲೇ ಕೂತು, ಗೋಡೆಯ ಮೇಲೆ ಮೂಡಿದ ತಮ್ಮದೇ ಪ್ರತಿರೂಪಕ್ಕೆ ಸೀರೆ ಉಡಿಸಿ ನೋಡಿ ತರಿಸಿಕೊಳ್ಳುವ ಕಾಲ ಬಂದಾಗ ಇನ್ನು ಅಂಗಡಿಗಳ ಕಥೆ ಮುಗಿಯಿತು ಎಂದು ಎಲ್ಲರೂ ಹೇಳಿದ್ದರು. ಮುಗಿಯಲಿಲ್ಲ. "ಇದು ನಿಮಗ ಭಾಳ ಒಪ್ಪತೈತ್ರಿ" ಎಂದು ಎದುರು ನಿಂತು ಹೇಳುವ ಜೀವಂತ ಮುಖವೊಂದಕ್ಕಾಗಿ ಜನ ಬರುತ್ತಲೇ ಇದ್ದರು. ಅದು ಗೊತ್ತಾದ ಕೂಡಲೇ ಅಂಗಡಿಯವರು ಆ ಮುಖವನ್ನೂ ಅಳೆಯತೊಡಗಿದರು. ಪ್ರತಿ ಕೌಂಟರಿನ ನೆತ್ತಿಯ ಮೇಲೂ ಒಂದೊಂದು ಯಂತ್ರದ ಕಣ್ಣು ಬಂದು ಕೂತಿತು. ಮಾರುವವರ ಮುಖ ಎಷ್ಟು ಪ್ರಸನ್ನವಾಗಿದೆ ಎಂದು ನೋಡುವುದೇ ಅದರ ಕೆಲಸ.

ನನ್ನ ಕೆನ್ನೆಗಳು ಜೋತುಬಿದ್ದಿದ್ದವು. ಬಾಯಿಯ ತುದಿಗಳು ಕೆಳಗಿಳಿದಿದ್ದವು. ನಮ್ಮ ಮನೆತನದ ಹೆಂಗಸರೆಲ್ಲರದೂ ಹಾಗೆಯೇ. ನಲವತ್ತು ದಾಟಿದರೆ ಸಾಕು, ಈಗಷ್ಟೇ ಯಾರಿಂದಲೋ ಬೈಸಿಕೊಂಡವರ ಮುಖ. ಯಂತ್ರದ ಕಣ್ಣು ಅದನ್ನು ಸಿಟ್ಟು ಎಂದು ಓದಿತು.

ಮ್ಯಾನೇಜರ್ ಜಾಲಿಹಾಳ ಕೆಟ್ಟ ಮನುಷ್ಯನಲ್ಲ. ಕೆಟ್ಟ ಸುದ್ದಿ ಹೇಳುವಾಗ ಚಹಾ ತರಿಸುವವನು.

"ನೀವು ಸಿಟ್ಟಾಗಿಲ್ಲಂತ ನನಗ ಗೊತ್ತೈತ್ರಿ ಶೈಲಜಕ್ಕಾ. ಆದ್ರ ಆ ಕಣ್ಣಿಗೆ ಹೆಂಗ ತಿಳಿಸಿ ಹೇಳೂದು? ಒಂದೋ ಕೆಳಗ ಗೋದಾಮಿನ್ಯಾಗ ಸೀರಿ ಮಡಚಿಕೋತ ಕೂಡ್ರಿ, ಇಲ್ಲಾ ಜಾಲ ಹಾಕಿಸ್ಕೋರಿ. ಅದರದೆಲ್ಲಾ ಅಂಗಡಿಯವರ ನೋಡ್ಕೋತಾರ."

ಗೋದಾಮಿಗೆ ಕಿಟಕಿ ಇರಲಿಲ್ಲ. ನಾನು ಜಾಲಕ್ಕೆ ಒಪ್ಪಿದೆ.

ಹಿಂದಿನ ಕಾಲದಲ್ಲಿ ಮುಖದ ಚರ್ಮವನ್ನು ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಕಿವಿಯ ಹಿಂದೆ ಹೊಲಿಗೆ ಹಾಕುತ್ತಿದ್ದರಂತೆ. ಸಡಿಲಾದ ರವಿಕೆಯನ್ನು ಬಿಗಿ ಮಾಡಿದ ಹಾಗೆ. ಈಗ ಅದರ ಜೊತೆಗೆ ಚರ್ಮದಡಿ ಕೂದಲಿಗಿಂತ ತೆಳುವಾದ ಎಳೆಗಳ ಒಂದು ಜಾಲವನ್ನು ಹಾಸುತ್ತಾರೆ. ಎಳೆಗಳು ಸ್ನಾಯುವಿನಂತೆಯೇ ಕುಗ್ಗುತ್ತವೆ, ಹಿಗ್ಗುತ್ತವೆ. ಗಾಯ ಹಸಿಯಾಗಿರುವ ದಿನಗಳಲ್ಲಿ ಅವು ಆ ಮನುಷ್ಯನ ಮುಖವನ್ನು ಕಲಿಯುತ್ತವೆ. ಇದು ಇವಳ ಸಂತೋಷ, ಇದು ಇವಳ ದುಃಖ ಎಂದು ಒಮ್ಮೆ ಗುರುತು ಹಾಕಿಕೊಟ್ಟರೆ, ಸಂತೋಷವನ್ನು ಎತ್ತಿ ಹಿಡಿಯುತ್ತವೆ. ದುಃಖ, ಸಿಟ್ಟು ಬಂದಾಗ ಮುಖ ಅಲುಗದಂತೆ ಬಿಗಿಹಿಡಿಯುತ್ತವೆ. ಗೆರೆ ಬೀಳುವುದೇ ದುಃಖ, ಸಿಟ್ಟಿನಿಂದ ತಾನೆ. ಗಾಯ ಮಾಯ್ದಂತೆ ಎಳೆಗಳೂ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತವೆ. ಆಮೇಲೆ ಹೊಸದೇನನ್ನೂ ಕಲಿಯುವುದಿಲ್ಲ, ಕಲಿತದ್ದನ್ನು ಮರೆಯುವುದೂ ಇಲ್ಲ.

ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ಕಿತ್ತೂರ ಮುಂದೇನಾಗುತ್ತದೆ ಎಂಬುದನ್ನೆಲ್ಲ ಮೊದಲೇ ಹೇಳಿದ್ದರು. ಮುಖ ಊದಿಕೊಳ್ಳುತ್ತದೆ, ಕಣ್ಣಿನ ಸುತ್ತ ನೀಲಿಗಟ್ಟುತ್ತದೆ, ಆ ನೀಲಿ ಹಳದಿಯಾಗಿ ಕುತ್ತಿಗೆಗೆ ಇಳಿಯುತ್ತದೆ. ಕಿವಿಯ ಹಿಂದಿನ ಸಣ್ಣ ಕೊಳವೆಗಳಿಂದ ಕೆಂಪು ನೀರು ಇಳಿಯುತ್ತದೆ, ಹೆದರಬಾರದು. ದಿಂಬುಗಳನ್ನು ಪೇರಿಸಿ, ತಲೆ ಎತ್ತರಕ್ಕಿಟ್ಟು ಮಲಗಬೇಕು. ಬಗ್ಗಬಾರದು, ಉಪ್ಪು ಕಡಿಮೆ ತಿನ್ನಬೇಕು. ಕೆನ್ನೆ ಮತ್ತು ಕಿವಿಯ ಸುತ್ತ ಬಹಳ ದಿನ ಮರಗಟ್ಟಿದ ಹಾಗಿರುತ್ತದೆ. ಮುಟ್ಟಿದರೆ ಬೇರೆಯವರ ಮುಖವನ್ನು ಮುಟ್ಟಿದಂತೆ ಅನ್ನಿಸುತ್ತದೆ. ನಡುವೆ ಮನಸ್ಸು ಕುಗ್ಗುತ್ತದೆ, ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುತ್ತದೆ, ಅದೂ ಹೋಗುತ್ತದೆ. "ಮತ್ತ ಒಂದು, ಅಳಬ್ಯಾಡ್ರಿ. ಬಾವು ಏರತೈತಿ" ಎಂದಿದ್ದರು. ಅಳುವಂಥದ್ದೇನೂ ನನಗೆ ಆಗ ಕಂಡಿರಲಿಲ್ಲ.

ಆರೈಕೆಗೆ ಅಕ್ಕ ಬಂದಳು. ಬಾಗಿಲು ತೆರೆದ ನನ್ನನ್ನು ನೋಡಿದವಳೇ ಕೈಚೀಲವನ್ನು ಅಲ್ಲೇ ಇಟ್ಟು ಹೊಟ್ಟೆ ಹಿಡಿದುಕೊಂಡು ನಿಂತಳು.

"ಯವ್ವಾ ಶೈಲೂ! ಎಣ್ಣ್ಯಾಗ ಬಿಟ್ಟ ಪೂರಿ ಉಬ್ಬಿಧಂಗ ಉಬ್ಬೀಯಲ್ಲs!"

"ನಗಸಬ್ಯಾಡ ಅಕ್ಕಾ, ಹೊಲಿಗಿ ಹರಿತಾವ."

"ನಿನಗ ನಗಂತ ಯಾರ ಅಂದಾರ? ನಾ ನಗತೇನಿ, ನೀ ಸುಮ್ನ ಕುಂದರು."

ಹಾಗೆ ಅವಳು ನಕ್ಕಳು, ನಾನು ಸುಮ್ಮನೆ ಕೂತೆ. ಜೋಳದ ಅಂಬಲಿಯನ್ನು ತೆಳ್ಳಗೆ ಮಾಡಿ ಕೊಳವೆಯಲ್ಲಿ ಕುಡಿಸಿದಳು. ಬೆನ್ನಿಗೆ ದಿಂಬು ಪೇರಿಸಿದಳು. ನನಗೆ ಬಗ್ಗಲಾಗುವುದಿಲ್ಲವೆಂದು ಕಾಲ ಉಗುರನ್ನೂ ಅವಳೇ ಕತ್ತರಿಸಿದಳು. ನಡುನಡುವೆ ಬೈಯುವುದೂ ನಡೆದೇ ಇತ್ತು. "ಅವ್ವ ಕೊಟ್ಟ ಮುಖ ಯಂತ್ರಕ್ಕ ಸೇರಲಿಲ್ಲಂತ ಬದಲಿ ಮಾಡಿಸಿಕೊಂಡಾಕಿ ನೀನs ನೋಡು," ಎನ್ನುವಳು. ಎದುರಿನ ಮನೆಯ ಶಿಕ್ಷಕಿ, ಅವಳ ಗಂಡ, ಬಸ್ ನಿಲ್ದಾಣದಲ್ಲಿ ವಿಚಾರಣೆಗೆ ಕೂರುವಾತ, ಎಲ್ಲರಿಗೂ ಜಾಲ ಇತ್ತು. ಹಲ್ಲಿನ ಸೆಟ್ಟು ಹಾಕಿಸಿಕೊಂಡಷ್ಟು ಸಾಮಾನ್ಯವಾಗಿತ್ತು ಅದು. ಅಕ್ಕನಿಗೆ ಮಾತ್ರ ಅದು ಒಗ್ಗಲಿಲ್ಲ.

ಕಲಿಕೆಯ ಕೋಣೆಗೂ ಅವಳೇ ನನ್ನ ಜೊತೆ ಬಂದಳು. ಆಸ್ಪತ್ರೆಯ ಮೇಲಂತಸ್ತಿನಲ್ಲಿ ಒಂದು ತಣ್ಣನೆಯ ಕೋಣೆ. ಎದುರಿನ ಪರದೆಯ ಮೇಲೆ ನನ್ನ ಮುಖದ ಎಳೆಗಳ ನಕ್ಷೆ. ಅದನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಅನಘಾ ಮೈಸೂರಿನ ಕಡೆಯ ಹುಡುಗಿ. ಸಣ್ಣ ದನಿ, ಚುರುಕು ಕೈ. ಅವಳು ಕೂಸುಗಳ ಚಿತ್ರ ತೋರಿಸಿದಳು, ಸಮುದ್ರ ತೋರಿಸಿದಳು, ನಾಯಿಮರಿಗಳನ್ನು ಓಡಾಡಿಸಿದಳು. ನನ್ನ ಎಳೆಗಳು ಮಿಸುಕಲಿಲ್ಲ.

"ಸ್ವಲ್ಪ ಖುಷಿಪಡಿ ಮೇಡಂ," ಎಂದಳು ಪಾಪ, ಬೇಡಿಕೊಳ್ಳುವವಳಂತೆ.

"ನಮ್ಮಾಕಿ ಖುಷಿ ಪಡಾಕೂ ಲೆಕ್ಕಾ ಹಾಕತಾಳವಾ," ಎಂದಳು ಅಕ್ಕ.

"ಹಾಗಾದ್ರೆ ನೀವೇ ಹೇಳಿ. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದು ಯಾವಾಗ? ಅದನ್ನ ಮನಸ್ಸಿಗೆ ತಂದ್ಕೊಳಿ. ಹಾಡೋ, ಆಟವೋ, ಏನಾದ್ರೂ ಆಗಬಹುದು."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ನೆನಪಾಗಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಎದುರಿಗೆ ಹೆಂಗಸರು ಕೂತು ಹಾಡಿಕೊಂಡು ಅಳುತ್ತಾರೆ. ಸುಮ್ಮನೆ ಅಳುವುದಲ್ಲ; ಸತ್ತವರ ಗುಣಗಳನ್ನೆಲ್ಲ ರಾಗದಲ್ಲಿ ಕರೆದು ಕರೆದು ಅಳುವುದು. ಅಜ್ಜಿ ತೀರಿಕೊಂಡಾಗ ಅವ್ವ ಹಾಗೆ ಅತ್ತದ್ದನ್ನು ನೋಡಿದ ನಾವಿಬ್ಬರೂ ಅದನ್ನೇ ಆಟ ಮಾಡಿಕೊಂಡಿದ್ದೆವು. ಹಿತ್ತಿಲ ಗೋಡೆಗೆ ಅಕ್ಕ ಹೆಣವಾಗಿ ಕೂರುವಳು, ಹಣೆಗೆ ಒಲೆಯ ಬೂದಿ. ನಾನು ಎದುರಿಗೆ ಕೂತು ಎದೆ ಬಡಿದುಕೊಂಡು ಹಾಡುವೆ. ಹೆಣ ನಗಬಾರದು, ಅದೇ ಆಟ. ಹೆಣ ಯಾವತ್ತೂ ತಡೆದುಕೊಂಡದ್ದಿಲ್ಲ.

ಅನಘಾಳ ಆ ಕೋಣೆಯಲ್ಲಿ ನಾನು ರಾಗ ಎತ್ತಿದೆ.

"ಎದ್ದು ಮಾತಾಡ ನಮ್ಮಕ್ಕಾ... ನಿನ್ನ ಪಾಲಿನ ಹೋಳಿಗಿ ಆರಿ ಹೋದಾವs ನಮ್ಮಕ್ಕಾ... ಯಾರಿಗೆ ಕೊಡಲೇ, ನಾನs ತಿನ್ನಲೇ..."

ಅರವತ್ತು ದಾಟಿದ ಅಕ್ಕ ಕುರ್ಚಿಯಲ್ಲೇ ತಲೆಯನ್ನು ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿ ಹೆಣವಾದಳು. ತುಟಿ ಬಿಗಿಹಿಡಿದಳು. ಮೂಗಿನ ಹೊಳ್ಳೆಗಳು ಅದುರತೊಡಗಿದವು. ಹೋಳಿಗೆ ಬರುವ ಹೊತ್ತಿಗೆ ಹೆಣ ಕೊಕ್ಕೊಕ್ಕೆಂದು ನಕ್ಕಿತು. ನಾನೂ ನಕ್ಕೆ, ಹೊಲಿಗೆಗಳ ಹಂಗು ತೊರೆದು ನಕ್ಕೆ. ಪರದೆಯ ಮೇಲೆ ಎಳೆಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು.

"ಸಿಕ್ತು!" ಎಂದು ಅನಘಾ ಸಂತೋಷದ ಹಸಿರು ಗುರುತು ಒತ್ತಿದಳು. "ಎಷ್ಟು ಚೆನ್ನಾಗಿದೆ ಹಾಡು! ಜಾನಪದಾನಾ?"

"ಹೌದವಾ, ಜಾನಪದ," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತನ್ನೇ ಹೇಳಿಕೊಂಡು ನಕ್ಕೆವು.

ಊತ ಇಳಿದು ನಾನು ಎದ್ದು ಓಡಾಡುವಂತಾದ ಮೇಲೆ ಅಕ್ಕ ಊರಿಗೆ ಹೋದಳು. ಸ್ವಲ್ಪ ದಿನಕ್ಕೆ, ಬೆಳಗಿನ ಚಹಾದ ಹೊತ್ತಿಗೆ, ಸೃಷ್ಟಿಯ ಫೋನ್ ಬಂತು. ಅವಳ ಹಿಂದೆ ಹೆಂಗಸರ ದನಿ ಕೇಳಿಸಿತು. ಆ ರಾಗ ಕೇಳಿದರೆ ನಮ್ಮ ಕಡೆಯವರಿಗೆ ಬೇರೇನೂ ಹೇಳಬೇಕಾಗಿಲ್ಲ. ಅಕ್ಕ ದೇವರ ದೀಪ ಹಚ್ಚಲು ಕೂತಲ್ಲೇ ಎದೆನೋವಿನಿಂದ ಹೋಗಿದ್ದಳು.

ತಲೆಗೆ ಸೆರಗು ಸುತ್ತಿಕೊಂಡು ಅಣ್ಣಿಗೇರಿಗೆ ಹೋದೆ. ಡಾಕ್ಟರ ಮಾತು ನೆನಪಿರಲಿಲ್ಲ, ನೆನಪಿದ್ದರೂ ಕೇಳುತ್ತಿರಲಿಲ್ಲ. ಪಡಸಾಲೆಯ ಗೋಡೆಗೆ ಒರಗಿಸಿ ಅಕ್ಕನನ್ನು ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂವು. ಹೆಂಗಸರು ಸರಿದು ದಾರಿ ಬಿಟ್ಟರು. ಬೆನ್ನಿಗೆ ಬಿದ್ದ ತಂಗಿ ಬಂದಾಗ ಎಲ್ಲರೂ ಅಳು ನಿಲ್ಲಿಸಿ ಅವಳಿಗೆ ಜಾಗ ಕೊಡುವುದು ನಮ್ಮ ಪದ್ಧತಿ. ಮೊದಲ ಸಾಲು ನನ್ನದೇ.

ಅಕ್ಕನ ಮೊಣಕಾಲಿನ ಮೇಲೆ ಕೈಯಿಟ್ಟು ಹಾಡಿದೆ. ಎದ್ದು ಮಾತಾಡ ನಮ್ಮಕ್ಕಾ. ಸುಳ್ಳಾಡುವುದಿಲ್ಲ, ಅಷ್ಟು ದುಃಖ ನನ್ನ ಜನ್ಮದಲ್ಲಿ ನನಗೆ ಬಂದಿರಲಿಲ್ಲ. ಕಣ್ಣೀರು ಇಳಿಯುತ್ತಿದ್ದುದು ಕೊರಳಿಗೆ ತಣ್ಣಗೆ ತಾಗಿದಾಗಲೇ ತಿಳಿಯಿತು. ಕೆನ್ನೆ ಇನ್ನೂ ಮರಗಟ್ಟಿತ್ತು.

ನನ್ನ ಹಾಡಿಗೆ ದನಿಗೂಡಿಸಬೇಕಾದವರು ದನಿಗೂಡಿಸಲಿಲ್ಲ. ಕಣ್ಣೆತ್ತಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಕ್ಕನ ನೆಗೆಣ್ಣಿ, ಹಣ್ಣು ಹಣ್ಣು ಮುದುಕಿ, ಬಾಯಿಗೆ ಸೆರಗು ಹಿಡಿದಿದ್ದಳು.

"ಇದೇನ ಅಣಕಾ ಮಾಡಾಕತ್ತೀ? ಸತ್ತಾಕಿ ಮುಂದ?" ಎಂದಳು.

ನನಗೆ ಅರ್ಥವಾಗಲಿಲ್ಲ. ಇನ್ನೂ ಜೋರಾಗಿ ಹಾಡಿದೆ. ಆಗ ಸೃಷ್ಟಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ.

"ಚಿಗವ್ವಾ, ನೀ ನಗಾಕತ್ತೀ," ಎಂದಳು. "ಹಲ್ಲು ಬಿಟ್ಟು ನಗಾಕತ್ತೀ. ಎದ್ದು ಹೋಗು. ನಮ್ಮವ್ವನ ಮುಂದಿಂದ ಎದ್ದು ಹೋಗು."

ಕೈಯಿಂದ ಬಾಯಿ ಮುಟ್ಟಿ ನೋಡಿಕೊಂಡೆ. ಹೌದು. ಕೆನ್ನೆಗಳು ಮೇಲೇರಿದ್ದವು, ತುಟಿಗಳು ಕಿವಿಯ ತನಕ ಹಿಗ್ಗಿದ್ದವು. ಮುಚ್ಚಲು ನೋಡಿದೆ, ಮುಚ್ಚಲಾಗಲಿಲ್ಲ. ಅಕ್ಕನನ್ನು ಮಣ್ಣು ಮಾಡುವಾಗ ನಾನು ಹಿತ್ತಿಲ ನೀರಿನ ತೊಟ್ಟಿಯ ಹತ್ತಿರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಹಿಡಿ ಮಣ್ಣು ಹಾಕಲು ಸಹ ಯಾರೂ ಕರೆಯಲಿಲ್ಲ.

ಹುಬ್ಬಳ್ಳಿಗೆ ಮರಳಿ ಕಲಿಕೆಯ ಕೋಣೆಗೆ ಹೋದೆ. ಅನಘಾ ನಾನು ಹೇಳಿದ್ದನ್ನೆಲ್ಲ ಕೇಳಿದಳು. ಪರದೆಯ ಮೇಲೆ ಆ ಹಸಿರು ಗುರುತನ್ನು ತೆರೆದು ನೋಡುತ್ತ ಕೂತಳು.

"ನೀವು ಜಾನಪದ ಅಂದ್ರಿ," ಎಂದಳು ಕೊನೆಗೆ. ಆರೋಪದ ದನಿಯಲ್ಲ, ಅಳುವವಳ ದನಿ.

"ಸುಳ್ಳಲ್ಲ ತಂಗಿ. ಅದೂ ಜಾನಪದನs."

ಜಾಲ ಬೇರೆಯೇನನ್ನೂ ತಪ್ಪಾಗಿ ಕಲಿತಿರಲಿಲ್ಲ. ಆ ರಾಗ, ಆ ಉಸಿರು, ಗಂಟಲಿನ ಆ ಬಿಗಿತ, ಇವಿಷ್ಟು ಸೇರಿದರೆ ಶೈಲಜಾಳಿಗೆ ಪರಮ ಸಂತೋಷ ಎಂದು ಅದಕ್ಕೆ ಹೇಳಿಕೊಟ್ಟಿದ್ದೆವು. ನಾವು ಹೇಳಿದ ಹಾಗೆಯೇ ಅದು ಮಾಡಿತ್ತು.

"ಅಳಿಸಿಬಿಡು," ಎಂದೆ.

"ಖಾಲಿ ಬಿಡೋಕೆ ಬರಲ್ಲ ಅಮ್ಮ. ಒಂದೋ ಖುಷಿ ಅಂತಿರ್ಬೇಕು, ಇಲ್ಲಾ ದುಃಖ ಅಂತಿರ್ಬೇಕು. ಇನ್ನೊಂದ್ಸಲ ನೀವು ಅದನ್ನೇ ಹಾಡ್ಬೇಕು, ನಾನು ದುಃಖ ಅಂತ ಗುರುತು ಹಾಕ್ತೀನಿ. ಆಮೇಲೆ ಆ ಹಾಡು ಬಂದಾಗೆಲ್ಲ ಮುಖ ಅಲ್ಲಾಡಲ್ಲ."

"ಅಂದ್ರ ಅಳೂದೂ ಕಾಣೂದಿಲ್ಲ."

"ಇಲ್ಲ. ನಗುವೂ ಬರಲ್ಲ."

"ಎಳಿ ಎಲ್ಲಾ ಕಿತ್ತು ತಗದ್ರ?"

"ನರಗಳು ಅವುಗಳ ಮೇಲೇ ಬೆಳೀತಾ ಇವೆ. ಕಿತ್ತರೆ ಮುಖವೇ ಸತ್ತ ಹಾಗಾಗತ್ತೆ." ಅವಳು ನನ್ನ ಕೈ ಹಿಡಿದುಕೊಂಡಳು. "ಯೋಚನೆ ಮಾಡಿ. ಆದ್ರೆ ತಡ ಮಾಡಬೇಡಿ, ಗಟ್ಟಿ ಆಗ್ತಾ ಇದೆ. ಅದಕ್ಕೆ ಮುಖ ಕಾಣತ್ತೆ ಅಮ್ಮ, ಮನಸ್ಸು ಕಾಣಲ್ಲ."

ಈ ಮಾತನ್ನು ಆಸ್ಪತ್ರೆಯವರು ಕತ್ತಿ ಹಾಕುವ ಮೊದಲು ಹೇಳಬೇಕಿತ್ತು. ಹೇಳಿದ್ದರೂ ನಾನು ಗೋದಾಮಿನ ಕತ್ತಲೆಗೆ ಹೆದರಿ ಕೇಳಿಸಿಕೊಳ್ಳುತ್ತಿರಲಿಲ್ಲವೇನೋ. ಆದರೂ ಅವತ್ತು ಅವರೆಲ್ಲರ ಮೇಲೂ ನನಗೆ ಸಿಟ್ಟು ಬಂತು. ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ, ಸಿಟ್ಟನ್ನು ಅದು ಚೆನ್ನಾಗಿಯೇ ಕಲಿತಿತ್ತು.

ಮನೆಗೆ ಬಂದು ಸೃಷ್ಟಿಗೆ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ತಿಳಿದವಳು, ಕಾಲೇಜಿನಲ್ಲಿ ಪಾಠ ಮಾಡುವವಳು. ಸಾವಧಾನವಾಗಿ ಕೇಳಿದಳು.

"ನನಗ ತಿಳೀತು ಚಿಗವ್ವಾ. ನಿನ್ನ ತಪ್ಪಲ್ಲ, ಆ ಎಳಿಗಳ ತಪ್ಪು. ಆದ್ರ ಏನ ಮಾಡಲಿ, ಕಣ್ಣು ಮುಚ್ಚಿದ್ರ ಅವ್ವನ ಬದಲಿ ನಿನ್ನ ಹಲ್ಲು ಕಾಣಸ್ತಾವ." ಮತ್ತೆ ಅಂದಳು, "ಅವ್ವನ ಶಿವಗಣಾರಾಧನೆಗೆ ಬಾ. ನೀ ಬರದಿದ್ರ ನನಗ ಯಾರದಾರ? ಆದ್ರ ಆ ಮುಖ ತೊಗೊಂಡು ಬರಬ್ಯಾಡ."

ಅವಳಿಗೂ ನಾನೊಬ್ಬಳೇ, ನನಗೂ ಅವಳೊಬ್ಬಳೇ. ಮರುದಿನವೇ ಅನಘಾಳ ಕೋಣೆಗೆ ಹೋದೆ.

ಈ ಸಲ ಅವಳು ಎದುರಿಗೆ ಒಂದು ಕನ್ನಡಿ ಇಟ್ಟಿದ್ದಳು. ಗುರುತು ಸರಿಯಾಗಿ ಬಿದ್ದದ್ದು ನನಗೂ ಕಾಣಲಿ ಎಂದು. ಪಕ್ಕದ ಕುರ್ಚಿ ಖಾಲಿ ಇತ್ತು. ನಾನು ಕಣ್ಣು ಮುಚ್ಚಿ ಹಾಡಿದೆ. ಈಗ ಹೋಳಿಗೆಯ ಸಾಲು ಇರಲಿಲ್ಲ. ಕಾಲ ಉಗುರು ಕತ್ತರಿಸಿದವಳೇ ನಮ್ಮಕ್ಕಾ, ಅಂಬಲಿ ಕುಡಿಸಿದವಳೇ ನಮ್ಮಕ್ಕಾ, ನನಗ ಒಂದು ಮಾತು ಹೇಳದs ಹೋದವಳೇ ನಮ್ಮಕ್ಕಾ. ಹಾಡು ತಾನಾಗಿಯೇ ಬಂತು, ಅಳುವೂ ಬಂತು. ಕಣ್ಣು ತೆರೆದೆ.

ಕನ್ನಡಿಯಲ್ಲಿ ಅಕ್ಕ ಕೂತಿದ್ದಳು.

ನಾವಿಬ್ಬರೂ ಒಂದೇ ಅಚ್ಚು ಎಂದು ಊರವರು ಹೇಳುತ್ತಿದ್ದರು, ನನಗೆ ಯಾವತ್ತೂ ಹಾಗೆ ಕಂಡಿರಲಿಲ್ಲ. ಈಗ ಜೋತದ್ದೆಲ್ಲ ಬಿಗಿಯಾಗಿ, ಗೆರೆಗಳೆಲ್ಲ ಮಾಯವಾಗಿ, ಮೇಲೇರಿದ ಕೆನ್ನೆಯ ನಡುವೆ ಆ ನಗು. ಹಿತ್ತಿಲ ಗೋಡೆಗೆ ಒರಗಿ ತಡೆಯಲಾರದೆ ನಕ್ಕ ಹುಡುಗಿಯೇ ಅವಳು. ಕಣ್ಣಂಚಿನಲ್ಲಿ ನೀರು ಸಹ ಹಾಗೆಯೇ. ನಾನು ಹಾಡಿದಷ್ಟೂ ಅವಳು ನಗುತ್ತಿದ್ದಳು. ಹಾಡು ನಿಲ್ಲಿಸಿದರೆ ಹೋಗಿಬಿಡುತ್ತಾಳೆ ಎಂದು ನಾನು ಉಸಿರು ಕಟ್ಟಿ ಹಾಡಿದೆ.

"ಗುರುತು ಹಾಕ್ಲಾ ಅಮ್ಮ?" ಎಂದಳು ಅನಘಾ ಹಿಂದಿನಿಂದ.

ನಾನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ಈ ಮುಖವನ್ನು ಹೀಗೇ ಉಳಿಸಿಕೊಂಡರೆ ಬೇಕಾದಾಗಲೆಲ್ಲ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಕೂತು ಅಕ್ಕನನ್ನು ನೋಡಬಹುದಿತ್ತು. ಆದರೆ ಅಣ್ಣಿಗೇರಿಯಲ್ಲಿ ಅಕ್ಕನ ಮಗಳು ಕಣ್ಣು ಮುಚ್ಚಲಾರದೆ ಕೂತಿದ್ದಳು. ಅಕ್ಕ ಇದ್ದಿದ್ದರೆ ಏನು ಹೇಳುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಇನ್ನೊಂದು ಸಾಲು ಹಾಡಿ ಅವಳನ್ನು ನೋಡಿಕೊಂಡೆ.

"ಹಾಕವಾ," ಎಂದು, ಮತ್ತೆ ಅದೇ ಸಾಲು ಹಾಡಿದೆ.

ಕೆನ್ನೆಗಳು ಇಳಿದವು. ತುಟಿಗಳು ಕೂಡಿಕೊಂಡವು. ನಾನು ಹಾಡುತ್ತಲೇ ಇದ್ದೆ, ಕನ್ನಡಿಯಲ್ಲಿ ಯಾರೋ ಗುರುತಿಲ್ಲದ ಹೆಂಗಸೊಬ್ಬಳು ನೆಟ್ಟಗೆ ನನ್ನನ್ನು ನೋಡುತ್ತಿದ್ದಳು. ಅನಘಾ ದೀಪ ಆರಿಸಿ ಹೊರಗೆ ಹೋಗಿ, ನನಗೆ ಅಲ್ಲೇ ಕೂರಲು ಬಿಟ್ಟಳು.

ಆರಾಧನೆಯ ದಿನ ಸೃಷ್ಟಿ ಬಾಗಿಲಲ್ಲೇ ನಿಂತು ನನ್ನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಆಮೇಲೆ ಕೈ ಹಿಡಿದು ಒಳಗೆ ಕರೆದುಕೊಂಡಳು. ಅಕ್ಕನ ಫೋಟೋದ ಮುಂದೆ ಹೆಂಗಸರು ರಾಗ ಎತ್ತಿದರು, ನಾನೂ ದನಿಗೂಡಿಸಿದೆ. ನನ್ನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವತ್ತು ನನ್ನನ್ನು ಬೈದ ಮುದುಕಿಯೇ ಪಕ್ಕದವಳಿಗೆ ಹೇಳುವುದು ಕೇಳಿಸಿತು.

"ಪಾಪ, ಒಡಹುಟ್ಟಿದಾಕಿ. ದುಃಖಕ್ಕ ಕಲ್ಲಾಗಿಬಿಟ್ಟಾಳ ನೋಡು."

ಊಟ ಮುಗಿದು ಬಂದವರೆಲ್ಲ ಹೋದ ಮೇಲೆ ಸೃಷ್ಟಿ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅಷ್ಟರಿಂದಲೇ ನನ್ನ ಅರ್ಧ ಜೀವ ತಿರುಗಿ ಬಂತು. ಅವಳ ಕೂದಲಲ್ಲಿ ಕೈಯಾಡಿಸುತ್ತ ಕೂತೆ.

"ಚಿಗವ್ವಾ, ಅವ್ವ ಸಣ್ಣಾಕಿ ಇದ್ದಾಗ ಹೆಂಗಿದ್ಲು? ನಗು ಬರೂವಂಥಾದ್ದು ಏನರ ಹೇಳ. ನಾ ನಕ್ಕು ಭಾಳ ದಿವಸ ಆತು," ಎಂದಳು.

ನಾನು ಹಿತ್ತಿಲ ಗೋಡೆಯ ಆಟವನ್ನು ಹೇಳಿದೆ. ಒಲೆಯ ಬೂದಿ, ಎದೆ ಬಡಿದುಕೊಳ್ಳುವುದು, ಅದುರುವ ಮೂಗಿನ ಹೊಳ್ಳೆಗಳು, ಒಂದನ್ನೂ ಬಿಡಲಿಲ್ಲ. ಹಾಡನ್ನೂ ಹಾಡಿದೆ, ಹೋಳಿಗೆಯ ಸಾಲಿನ ಸಮೇತ. ಒಳಗೆ ನನಗೆ ನಗು ಉಕ್ಕಿ ಉಕ್ಕಿ ಬರುತ್ತಿತ್ತು. ಸೃಷ್ಟಿ ಕೆಳಗಿನಿಂದ ನನ್ನ ಮುಖವನ್ನೇ ನೋಡುತ್ತ, ಎಲ್ಲಿ ನಗಬೇಕೆಂದು ಕಾಯುತ್ತಿದ್ದಳು. ಹಾಡು ಮುಗಿಯಿತು. ಅವಳು ಮೆಲ್ಲಗೆ ಎದ್ದು ಕೂತಳು.

"ಇದರಾಗ ನಗೂವಂಥಾದ್ದು ಏನೈತಿ ಚಿಗವ್ವಾ?" ಎಂದಳು.